ಗಾಂಧಿ ಬಜಾರಿನ ಹತ್ತಿರ ಸಿಕ್ಕ ತಗಡಿನ ರೈಲು

ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಹಾರ್ನ್‌ಬಿ ಕಂಪನಿಯ ಆಟಿಕೆ ರೈಲಿನ ಕೀಲಿ ಕೊಡುವ ಎಂಜಿನ್, ಎರಡು ಬೋಗಿ ತಗೊಂಡೆ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ 1920ರಲ್ಲಿ ಶುರುವಾದ ರೈಲುಗಳಿವು, ಹಳಿಯ ಅಗಲ 32 ಮಿಲಿಮೀಟರ್. ಕಿಟಕಿ, ಬಾಗಿಲು ಎಲ್ಲಾ ತಗಡಿನ ಮೇಲೇ ಅಚ್ಚು ಹಾಕಿದ್ದು, ಭಾಗಗಳನ್ನು ಸಣ್ಣ ತಗಡಿನ ನಾಲಿಗೆ ಮಡಿಚಿ ಜೋಡಿಸಿದ್ದಾರೆ, ಹಾಗಾಗಿ ನಿಧಾನಕ್ಕೆ ಬಿಚ್ಚಿ ರಿಪೇರಿ ಮಾಡಬಹುದು, ಈಗಿನ ಪ್ಲಾಸ್ಟಿಕ್ ಆಟಿಕೆಯಲ್ಲಿ ಅದೆಲ್ಲಿ ಆಗುತ್ತದೆ ಅಲ್ವಾ? ಕೀಲಿ ತಿರುಗಿಸಿ ಬಿಟ್ಟರೆ ಗರ್ರ್ ಅಂತ ಓಡುತ್ತದೆ. ಆ ಸದ್ದು ಕೇಳೋದೇ ಖುಷಿ!

ಬೆಲೆ ಸ್ವಲ್ಪ ಜಾಸ್ತಿ. ಆದರೆ ಅಂಗಡಿಯವರು ಸುಮ್ನೆ ಹೊಸ ಪೇಂಟ್ ಬಳಿದಿಲ್ಲ, ಹಳೇ ಬಣ್ಣವೇ ಇದೆ, ಸಂಗ್ರಹ ಮಾಡುವವರಿಗೆ ಬೇಕಾದದ್ದು ಅದೇ. ನಮ್ಮ ಮಲೆನಾಡಿನ ಮಳೆಗಾಲಕ್ಕೆ ತಗಡು ಬೇಗ ತುಕ್ಕು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಗಾಲಿಗೆ ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಸಾಕು.