ಲಿವರ್ ಕ್ಯಾನ್ಸರ್ ಆಪರೇಷನ್: ಎಎಫ್‌ಪಿ, ಆಲ್ಬಿ, ಎನ್‌ಎಲ್‌ಆರ್‌ನಲ್ಲಿ ಯಾವುದನ್ನು ನೋಡಬೇಕು?

ಮೂರೂ ರಕ್ತದಲ್ಲೇ ಸಿಗುತ್ತವೆ, ಆದರೆ ಹೇಳುವ ವಿಷಯ ಬೇರೆ ಬೇರೆ. ಎಎಫ್‌ಪಿ (ಲಿವರ್ ಕ್ಯಾನ್ಸರಿನಲ್ಲಿ ಹಲವು ಸಲ ಏರುವ ಒಂದು ಪ್ರೋಟೀನ್) ಗೆಡ್ಡೆಯ ಬಗ್ಗೆ ಹೇಳುತ್ತದೆ, ಆಲ್ಬಿ (ಆಲ್ಬುಮಿನ್, ಬಿಲಿರುಬಿನ್ ಮಟ್ಟದಿಂದ ಲೆಕ್ಕ ಹಾಕುವ ಅಂಕ) ಲಿವರಿನ ಕಸುವಿನ ಬಗ್ಗೆ, ಎನ್‌ಎಲ್‌ಆರ್ (ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತ) ಮೈಯೊಳಗಿನ ಉರಿಯೂತದ ಬಗ್ಗೆ.

ಖರ್ಚು ನೋಡಿದರೆ ಎನ್‌ಎಲ್‌ಆರ್‌ಗೆ ಬೇರೆ ಪರೀಕ್ಷೆಯೇ ಬೇಡ. ಮಾಮೂಲಿ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟಿನ ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿದರೆ ಆಯ್ತು. ಆಲ್ಬಿಗೆ ಎಲ್‌ಎಫ್‌ಟಿಯ (ಲಿವರ್ ಕೆಲಸದ ರಕ್ತಪರೀಕ್ಷೆ) ಆಲ್ಬುಮಿನ್, ಬಿಲಿರುಬಿನ್ ಸಾಕು. ಎಎಫ್‌ಪಿ ಮಾತ್ರ ಪ್ರತ್ಯೇಕ ಮಾಡಿಸಬೇಕು.

ನಂಬಿಕೆಯ ವಿಷಯಕ್ಕೆ ಬಂದರೆ ಎನ್‌ಎಲ್‌ಆರ್ ಸ್ವಲ್ಪ ಚಂಚಲ. ಸೋಂಕೋ ಸ್ಟೀರಾಯ್ಡೋ ಇದ್ದರೆ ಏರಿಬಿಡುತ್ತದೆ. ಇದರಾಚೆ ಅಪಾಯ ಅನ್ನುವ ಒಪ್ಪಿತ ಗೆರೆಯೂ ಇಲ್ಲ. ಆಲ್ಬಿಗೆ ಇದೆ: −2.60 ಅಥವಾ ಅದಕ್ಕಿಂತ ಕೆಳಗಿದ್ದರೆ ಗ್ರೇಡ್ 1, −1.39ಕ್ಕಿಂತ ಮೇಲಿದ್ದರೆ ಗ್ರೇಡ್ 3, ನಡುವೆ ಇದ್ದರೆ ಗ್ರೇಡ್ 2. ಮೈನಸ್ ನೋಡಿ ಗಾಬರಿ ಬೇಡ, ಇಲ್ಲಿ ಕೆಳಗಿಳಿದಷ್ಟೂ ಒಳ್ಳೆಯದು.

ಆಪರೇಷನ್ನಿಗೆ ಮೊದಲು ಎಎಫ್‌ಪಿ ಜಾಸ್ತಿ ಇತ್ತಾ? ಹಾಗಾದರೆ ಅದರ ಮೇಲೆ ಕಣ್ಣಿಡಿ. ಇಳಿದದ್ದು ಮತ್ತೆ ಏರತೊಡಗಿದರೆ ಕಾಯಿಲೆ ಮರಳಿರಬಹುದು, ಸ್ಕ್ಯಾನ್ ಬೇಕು. ಮೊದಲಿಂದಲೂ ನಾರ್ಮಲ್ ಇದ್ದವರಿಗೆ ಅದರಿಂದ ಉಪಯೋಗ ಕಡಿಮೆ. ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಇದ್ದವರಿಗೆ ನನ್ನ ಒಲವು ಆಲ್ಬಿ ಕಡೆ. ಎನ್‌ಎಲ್‌ಆರ್ ಜೊತೆಗಿರಲಿ, ಅದೊಂದನ್ನೇ ನೋಡಿ ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ.