ಬಟ್ಟೆಯ ಚೂರುಗಳಲ್ಲಿ ಮುದ್ದಿನ ಮುಖ: ಕೊಲಾಜ್ ಕ್ವಿಲ್ಟ್ ಕಾರ್ಯಾಗಾರದ ವಿಮರ್ಶೆ

ಸಾಕಿದ ನಾಯಿ, ಬೆಕ್ಕು ಅಥವಾ ಮನೆಯವರ ಭಾವಚಿತ್ರವನ್ನು ಬಟ್ಟೆಯ ಚೂರುಗಳಿಂದ ಜೋಡಿಸಿ ಕ್ವಿಲ್ಟ್ (ಪದರಗಳನ್ನು ಸೇರಿಸಿ ಹೊಲಿದ ಬಟ್ಟೆ) ಆಗಿ ಹೊಲಿಯುವುದನ್ನು ಕಲಿಸುವ ವಾರಾಂತ್ಯದ ಕಾರ್ಯಾಗಾರವೊಂದಕ್ಕೆ ಬೆಂಗಳೂರಿನಲ್ಲಿ ಸೇರಿದ್ದೆ. ಮೊದಲೇ ಕತ್ತರಿಸಿಟ್ಟ ನಮೂನೆಯನ್ನು ಕೊಟ್ಟು ಅಂಟಿಸಲು ಹೇಳುವ ಪದ್ಧತಿ ಇಲ್ಲಿಲ್ಲ. ಪ್ರತಿಯೊಬ್ಬರೂ ತಮ್ಮದೇ ಫೋಟೋವನ್ನು ದೊಡ್ಡದು ಮಾಡಿಸಿ ತಂದು, ಅದರ ಗೆರೆಗಳನ್ನು ತೆಳುವಾದ ಬಿಳಿ ಬಟ್ಟೆಯ ಮೇಲೆ ತಾವೇ ಮೂಡಿಸಿಕೊಳ್ಳಬೇಕು.

ಕೊಟ್ಟ ಶುಲ್ಕ ಸಾರ್ಥಕವೆನಿಸುವುದು ನೆರಳು-ಬೆಳಕಿನ ಪಾಠದಲ್ಲಿ. ಮುಖದ ಹೋಲಿಕೆ ಬಟ್ಟೆಯ ಬಣ್ಣಕ್ಕಿಂತ ಅದರ ಗಾಢತೆಯನ್ನೇ ಹೆಚ್ಚು ನೆಚ್ಚಿಕೊಂಡಿದೆ ಎಂಬುದನ್ನು ಶಿಕ್ಷಕಿ ಬಾಯಿಮಾತಿನಲ್ಲಿ ಹೇಳಿ ಮುಗಿಸದೆ, ನಾವು ತಂದ ಬಟ್ಟೆಗಳನ್ನೆಲ್ಲ ಮೇಜಿನ ಮೇಲೆ ಹರಡಿಸಿ, ಫೋನಿನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆಸಿ, ತಿಳಿ, ಮಧ್ಯಮ, ಗಾಢ ಎಂದು ವಿಂಗಡಿಸಲು ಹಚ್ಚಿದರು. ಕಣ್ಣಿಗೆ ತೀರ ಬೇರೆಯಾಗಿ ಕಂಡ ಕೆಂಪು ಮತ್ತು ಹಸಿರು ಬಟ್ಟೆಗಳು ಚಿತ್ರದಲ್ಲಿ ಒಂದೇ ಬೂದುಬಣ್ಣಕ್ಕೆ ಇಳಿದಾಗ, ಕಂದು ನಾಯಿಗೆ ಕಂದು ಬಟ್ಟೆಯೇ ಬೇಕೆಂಬ ಹಟ ತಾನಾಗಿ ಸಡಿಲುತ್ತದೆ. ಅಮೆರಿಕದ ಕಲಾವಿದೆ ಬೀಸಾ ಬಟ್ಲರ್ ತಮ್ಮ ಆಳೆತ್ತರದ ಕ್ವಿಲ್ಟ್‌ಗಳಲ್ಲಿ ಮನುಷ್ಯರ ಮುಖಗಳನ್ನು ನೀಲಿ, ನೇರಳೆ ಬಣ್ಣಗಳಲ್ಲಿ ರಚಿಸಿದರೂ ಅವು ಜೀವಂತವಾಗಿ ಕಾಣುವುದು ಇದರಿಂದಲೇ; 2020ರಲ್ಲಿ ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಆರಂಭವಾದ ಅವರ ಪ್ರದರ್ಶನದ ಕೃತಿಗಳ ಚಿತ್ರಗಳನ್ನು ಈ ಹಂತದಲ್ಲಿ ತೋರಿಸಿದ್ದು ಬಹಳ ಉಪಯುಕ್ತವಾಯಿತು.

ಜೋಡಣೆಯನ್ನು ಕಣ್ಣಿನಿಂದ ಆರಂಭಿಸುತ್ತಾರೆ. ಕಣ್ಣಿನ ಹೊಳಪಿಗೆ ಇಡುವ ಬಿಳಿಯ ಚೂರು ಅಕ್ಕಿಕಾಳಿಗಿಂತ ಚಿಕ್ಕದು. ಅದು ತುಸು ಜರುಗಿದರೂ ಪ್ರಾಣಿಯ ನೋಟವೇ ಬದಲಾಗುತ್ತದೆ. ಕೂದಲು ಬೆಳೆದ ದಿಕ್ಕಿಗೆ ಹೊಂದುವಂತೆ ಚೂರುಗಳನ್ನು ಉದ್ದುದ್ದ ಕತ್ತರಿಸಿದರೆ ಸಣ್ಣಪುಟ್ಟ ತಪ್ಪುಗಳು ಅದರಲ್ಲೇ ಮರೆಯಾಗುತ್ತವೆ. ಮನುಷ್ಯರ ಕೆನ್ನೆಯಲ್ಲಿ ಆ ಅನುಕೂಲವಿಲ್ಲವಾದ್ದರಿಂದ ಮೊದಲ ಕ್ವಿಲ್ಟ್‌ಗೆ ಮೊಮ್ಮಕ್ಕಳ ಫೋಟೋ ತರುವವರು ತುಸು ಯೋಚಿಸುವುದು ಒಳ್ಳೆಯದು.

ಬಟ್ಟೆಯ ಕಿಟ್‌ಗೆ ಪ್ರತ್ಯೇಕ ಹಣ ಕೊಡಬೇಕು. ಅದರಲ್ಲಿರುವುದು ಬಹುತೇಕ ಬಾಟಿಕ್ ಹತ್ತಿ. ಗುಣಮಟ್ಟ ಚೆನ್ನಾಗಿದೆ, ಆದರೆ ಎಲ್ಲರ ನಾಯಿಗಳೂ ಒಂದೇ ತಾಯಿಯ ಮರಿಗಳಂತೆ ಕಾಣತೊಡಗುತ್ತವೆ. ಮನೆಯಿಂದ ಒಯ್ದ ಗುಳೇದಗುಡ್ಡದ ಖಣದ ಸಣ್ಣ ನೇಯ್ಗೆ ಕಿವಿಯ ಒಳಭಾಗಕ್ಕೆ ಸೊಗಸಾಗಿ ಹೊಂದಿತು. ಖಣದ ಅಂಚು ಬೇಗ ಎಳೆ ಬಿಡುವುದರಿಂದ, ಕತ್ತರಿಸುವ ಮೊದಲೇ ಹಿಂಬದಿಗೆ ಫ್ಯೂಸಿಬಲ್ ವೆಬ್ (ಬಿಸಿಗೆ ಅಂಟಿಕೊಳ್ಳುವ ತೆಳು ಹಾಳೆ) ಇಟ್ಟು ಇಸ್ತ್ರಿ ಮಾಡಿಕೊಳ್ಳಬೇಕು.

ಕೊರತೆ ಇರುವುದು ಕೊನೆಯ ಹಂತದಲ್ಲಿ. ಜೋಡಿಸಿದ ಚಿತ್ರದ ಮೇಲೆ ತೆಳುವಾದ ನೆಟ್ ಹೊದಿಸಿ, ಕೆಳಗೆ ಬ್ಯಾಟಿಂಗ್ (ನಡುವಿನ ಮೆತ್ತನೆಯ ಪದರ) ಮತ್ತು ಅಸ್ತರು ಇಟ್ಟು, ಎಲ್ಲ ಪದರಗಳನ್ನೂ ಯಂತ್ರದಲ್ಲಿ ಮನಬಂದ ದಿಕ್ಕಿಗೆ ತಿರುಗಿಸುತ್ತ ಹೊಲಿಯುವ ಈ ಕೆಲಸಕ್ಕೆ ಕೈ ಪಳಗಬೇಕು. ಅದಕ್ಕೆ ಸಿಕ್ಕಿದ್ದು ಕೊನೆಯ ಸಂಜೆ ಮಾತ್ರ, ಯಂತ್ರಗಳೂ ಸಾಲಲಿಲ್ಲ. ನೈಲಾನ್ ನೆಟ್ ಬಿಸಿ ಇಸ್ತ್ರಿಗೆ ಕರಗುತ್ತದೆ ಎಂಬ ಎಚ್ಚರಿಕೆಯನ್ನೂ ಯಾರೂ ಕೊಡಲಿಲ್ಲ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿನತ್ತ ಇಡುತ್ತಾ, ಕೈಯ ನೇರಹೊಲಿಗೆಯಲ್ಲೇ ತುಂಡು ಮತ್ತು ಪದರಗಳನ್ನು ಒಟ್ಟಿಗೆ ಹಿಡಿದಿಡುವ ಕೌದಿ ಕಣ್ಣೆದುರಿಗೇ ಇರುವಾಗ, ಯಂತ್ರವಿಲ್ಲದವರಿಗೆ ಆ ದಾರಿಯನ್ನಾದರೂ ತೋರಿಸಬಹುದಿತ್ತು. ಸೇರುವವರು ಹೊಲಿಗೆಗೆ ಹೆಚ್ಚುವರಿ ತರಗತಿ ಇದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಲಿ; ಇಲ್ಲವೆಂದರೆ ಜೋಡಣೆಯನ್ನಷ್ಟೇ ಇಲ್ಲಿ ಕಲಿತು, ಹೊಲಿಗೆಯನ್ನು ಬೇರೆಡೆ ಅಭ್ಯಾಸ ಮಾಡುವುದು ಮೇಲು.