ಗೇಟು ‘ಟಕ್’ ಅನ್ನದಿದ್ದರೆ ಮುಚ್ಚಿಲ್ಲ ಅಂತಲೇ ಲೆಕ್ಕ

ಹಿತ್ತಲಲ್ಲಿ ಈಜುಕೊಳ ಇರುವವರು, ಗೋವಾಕ್ಕೆ ಬಂದು ಕೊಳವಿರುವ ವಿಲ್ಲಾ ಹಿಡಿಯುವವರು, ಜೊತೆಗೆ ಸಣ್ಣ ಮಕ್ಕಳಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಕೊಳಕ್ಕೆ ಬಿದ್ದಿದ್ದ ತಂಗಿಯ ಮಗ ಈಗ ಚೆನ್ನಾಗಿದ್ದಾನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರ ಜೀವ ಬಾಯಿಗೆ ಬರುತ್ತದೆ.

ನಾವು ಕುಮಟಾದವರು, ಗೋವಾದ ಪರ್ವರಿಗೆ ಬಂದು ಹನ್ನೊಂದು ವರ್ಷ ಆಯ್ತು. ನಾವು ಕೊಂಡ ಹಳೇ ಮನೆಯ ಜೊತೆಗೇ 18 ಅಡಿ ಉದ್ದ, 10 ಅಡಿ ಅಗಲದ ಕೊಳವೂ ಬಂತು. ನಾಲ್ಕಡಿ ನೀರು. ಮುಚ್ಚಿಸಿ ಹೂವಿನ ಗಿಡ ಹಾಕೋಣ ಅಂದರೆ ಯಜಮಾನರು ಕೇಳಲಿಲ್ಲ. ತಂಗಿಯ ಮಗ ಓಡಾಡಲು ಶುರು ಮಾಡಿದ ಮೇಲೆ ಬೇಲಿಯಾದರೂ ಆಗಲೇಬೇಕು ಅಂತ ಹಟ ಹಿಡಿದೆ. ವೆಲ್ಡಿಂಗ್ ಕೆಲಸದವನೊಬ್ಬ ಬಂದ, ಮೊಬೈಲಿನಲ್ಲಿ ಹತ್ತು ಡಿಸೈನ್ ತೋರಿಸಿದ, 90 ಸಾವಿರಕ್ಕೆ ಒಪ್ಪಿದ. ಕಪ್ಪು ಬಣ್ಣ, ಅಡ್ಡಡ್ಡ ಪಟ್ಟಿ, ನೋಡಲು ಚೆಂದ. ಮಕ್ಕಳ ವಿಷಯ ಎತ್ತಿದಾಗ “ಕಾಂಯ್ ಜಾವಚೆಂ ನಾ ಬಾಯ್” (ಏನೂ ಆಗೋದಿಲ್ಲ ಅಕ್ಕಾ) ಅಂದ. ಗೇಟನ್ನು ಮೂರು ಸಲ ತೆರೆದು ಕೈಬಿಟ್ಟು ತೋರಿಸಿದ. ಮೂರು ಸಲವೂ ತಾನೇ ಬಂದು ‘ಟಕ್’ ಅಂತ ಕೂತಿತು. ಅದು ಏಪ್ರಿಲ್ ತಿಂಗಳು, ನೆಲ ಕಲ್ಲಿನಂತೆ ಒಣಗಿತ್ತು.

ಆಮೇಲೆ ಮಳೆ. ಇಲ್ಲಿಯ ಮಳೆ ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಚಿರೆಕಲ್ಲಿನ ಮಣ್ಣು ನೆನೆದು ಗೇಟಿನ ಕಂಬ ಕಣ್ಣಿಗೆ ಕಾಣದಷ್ಟು ವಾಲಿತು. ಗೇಟನ್ನು ತಾನೇ ಮುಚ್ಚಿಸುವ ಸ್ಪ್ರಿಂಗ್ ಹಿಂಜು (ಕೀಲು) ಉಪ್ಪುಗಾಳಿಗೆ ತುಕ್ಕು ಹಿಡಿಯಿತು. ಗೇಟು ಆಗಲೂ ತಾನೇ ಮುಚ್ಚುತ್ತಿತ್ತು, ಆದರೆ ಕೊನೆಯ ಅರ್ಧ ಇಂಚು ಬಾಕಿ ಉಳಿಯುತ್ತಿತ್ತು. ಚಿಲಕದ ನಾಲಿಗೆ ಗುಳಿಯೊಳಗೆ ಬೀಳದೆ ತಗಡಿನ ಅಂಚಿನ ಮೇಲೆ ಕೂತಿರುತ್ತಿತ್ತು. ಅಡುಗೆಮನೆ ಕಿಟಕಿಯಿಂದ ದಿನಕ್ಕೆ ಇಪ್ಪತ್ತು ಸಲ ಆ ಗೇಟು ನೋಡುತ್ತಿದ್ದೆ. ಮುಚ್ಚಿದ ಹಾಗೇ ಕಾಣುತ್ತಿತ್ತು. ‘ಟಕ್’ ಸದ್ದು ಯಾವಾಗ ನಿಂತಿತೋ, ಮಳೆಯ ಗದ್ದಲದಲ್ಲಿ ಗಮನಕ್ಕೇ ಬರಲಿಲ್ಲ.

ಚೌತಿಯ ಮರುದಿನ ಮಧ್ಯಾಹ್ನ. ಗಣಪತಿಯ ಮೇಲೆ ಫಲಾವಳಿ ತೂಗುತ್ತಿತ್ತು (ಇಲ್ಲಿಯವರು ಮಾಟೋಳಿ ಅಂತಾರೆ), ಮನೆಯಲ್ಲಿ ಹದಿನಾಲ್ಕು ಜನ. ಊಟ ಮುಗಿದು ಗಂಡಸರು ಅಡ್ಡಾಗಿದ್ದರು, ನಾವು ಪಾತ್ರೆ ತಿಕ್ಕುತ್ತಿದ್ದೆವು. ಮಗು ಅಜ್ಜಿಯ ಹತ್ತಿರ ಇದ್ದಾನೆ ಅಂತ ತಂಗಿ, ತಂಗಿಯ ಹತ್ತಿರ ಇದ್ದಾನೆ ಅಂತ ಅಜ್ಜಿ. ಹಿಂದಿನ ದಿನ ಆಡಿದ ಹಳದಿ ಚೆಂಡು ಕೊಳದಲ್ಲೇ ತೇಲುತ್ತಿತ್ತು, ಯಾರೂ ತೆಗೆದಿರಲಿಲ್ಲ.

ಬಾಳೆ ಎಲೆ ಎಸೆಯಲು ಹಿತ್ತಲಿಗೆ ಹೋದ ನಮ್ಮ ಭಾವ ನೋಡಿದ್ದು. ಮಗು ನೀರಿನಲ್ಲಿ ನೆಟ್ಟಗೆ ನಿಂತ ಹಾಗಿತ್ತಂತೆ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುತ್ತಿತ್ತು. ಕೂಗಿಲ್ಲ, ಕೈ ಬಡಿದಿಲ್ಲ, ನೀರು ಚಿಮ್ಮಿಲ್ಲ. ಎಂಟು ಹೆಜ್ಜೆ ದೂರದ ಅಡುಗೆಮನೆಯಲ್ಲಿ ನಾಲ್ಕು ಹೆಂಗಸರಿದ್ದೆವು, ಒಂದು ಸದ್ದು ಕೇಳಲಿಲ್ಲ. ಮುಳುಗುವವರು ಕೂಗುತ್ತಾರೆ ಅಂತ ನಾನು ಆವರೆಗೂ ನಂಬಿದ್ದೆ. ಉಸಿರಿಗೇ ಒದ್ದಾಡುವ ಮಗು ಕೂಗುವುದೆಲ್ಲಿಂದ? ಹಬ್ಬದ ಗಡಿಬಿಡಿಯಲ್ಲಿ ಕೊಳ ತೊಳೆದಿರಲಿಲ್ಲ, ನೀರು ಹಸಿರುಗಟ್ಟಿತ್ತು. ತಳಕ್ಕೆ ಹೋಗಿದ್ದರೆ ಮೇಲಿಂದ ಕಾಣುತ್ತಲೇ ಇರಲಿಲ್ಲ.

ಭಾವ ಉಟ್ಟ ಪಂಚೆಯಲ್ಲೇ ಹಾರಿ ಎತ್ತಿಕೊಂಡರು. ಹಿರಿಯರೊಬ್ಬರು ಕಾಲು ಹಿಡಿದು ತಲೆಕೆಳಗು ಮಾಡಲು ಹೋದರು. ಅಷ್ಟರಲ್ಲಿ ಮಗು ತಾನೇ ವಾಂತಿ ಮಾಡಿ ಅತ್ತಿತು. ಆಸ್ಪತ್ರೆಯಲ್ಲಿ ಡಾಕ್ಟರು ಬೈದದ್ದು ಅದಕ್ಕೇ: ತಲೆಕೆಳಗು ಮಾಡಬೇಡಿ, ಹೊಟ್ಟೆ ಒತ್ತಬೇಡಿ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಊದಿ, ಆಮೇಲೆ ಎದೆ ಒತ್ತಿ, ಜೊತೆಯವರು 108ಕ್ಕೆ ಫೋನ್ ಮಾಡಲಿ. ಮಗು ಆಡುತ್ತಿದ್ದರೂ ಮನೆಗೆ ಕಳಿಸಲಿಲ್ಲ. ಶ್ವಾಸಕೋಶಕ್ಕೆ ಹೋದ ನೀರು ಕೆಲವು ತಾಸಿನ ಮೇಲೂ ತೊಂದರೆ ಕೊಡಬಹುದು ಅಂತ ಬೆರಳಿಗೆ ಕ್ಲಿಪ್ ಸಿಕ್ಕಿಸಿ ರಾತ್ರಿಯಿಡೀ ಇಟ್ಟುಕೊಂಡರು. ಆ ವರ್ಷ ಗಣಪತಿ ಬಿಡುವ ಹೊತ್ತಿಗೆ ನಾವ್ಯಾರೂ ಮನೆಯಲ್ಲಿರಲಿಲ್ಲ.

ಮರುದಿನ ಟೇಪು ಹಿಡಿದು ಬೇಲಿಯ ಮುಂದೆ ಕೂತೆ. ಹೊರದೇಶದ ನಿಯಮಗಳನ್ನೂ ಓದಿದೆ. ಮೊದಲು ಹೊಳೆದದ್ದು ಗೇಟಿನ ದಿಕ್ಕು. ನಮ್ಮದು ಕೊಳದ ಕಡೆಗೆ ತೆರೆಯುತ್ತಿತ್ತು. ಚಿಲಕ ಬೀಳದ ಗೇಟಿಗೆ ಮಗು ಮೈ ಆನಿಸಿದರೆ ಸಾಕು, ಅದು ತೆರೆದು ಮಗುವನ್ನು ಸೀದಾ ನೀರಿನ ಕಡೆ ಕಳಿಸುತ್ತದೆ. ಹೊರಗೆ ತೆರೆಯುವ ಗೇಟಾದರೆ ಅದೇ ಮಗು ನೂಕಿದಷ್ಟೂ ಮುಚ್ಚಿಕೊಳ್ಳುತ್ತದೆ. ಇಷ್ಟು ಸರಳ ವಿಷಯ, ನನಗೂ ಹೊಳೆದಿರಲಿಲ್ಲ.

ಚಿಲಕ ಇದ್ದದ್ದು ಮೂರಡಿಗೆ. ಅಮೆರಿಕದವರು ನೆಲದಿಂದ 54 ಇಂಚಾದರೂ ಮೇಲಿರಲಿ ಅನ್ನುತ್ತಾರೆ. ನಮ್ಮ ಬೇಲಿ ಮೂರೂವರೆ ಅಡಿ, ಅಲ್ಲಿ ಕನಿಷ್ಠ 48 ಇಂಚು. ಆಸ್ಟ್ರೇಲಿಯಾದಲ್ಲಿ 1200 ಮಿಲಿಮೀಟರ್, ಹೆಚ್ಚುಕಡಿಮೆ ಅಷ್ಟೇ. ನಾನು ಮೆಚ್ಚಿದ ಅಡ್ಡಪಟ್ಟಿಗಳು ಮಗುವಿಗೆ ಏಣಿ. ಪಟ್ಟಿ ನೆಟ್ಟಗೆ ನಿಂತಿರಬೇಕು, ಸಂದು ನಾಲ್ಕು ಇಂಚು ಮೀರಬಾರದು. ಟೇಪು ಇಲ್ಲದವರಿಗೆ ನಮ್ಮ ಅಳತೆ ಹೇಳುತ್ತೇನೆ: ಹಬ್ಬಕ್ಕೆ ತಂದಿದ್ದ ಸುಲಿದ ತೆಂಗಿನಕಾಯಿಯನ್ನು ಸಂದಿಗೆ ಹಿಡಿದು ನೋಡಿದೆ. ಎಲ್ಲೂ ತಡೆಯದೆ ಆ ಕಡೆ ಬಿತ್ತು. ಬೇಲಿಯ ಹೊರಗೆ ಎಸಿ ಪೆಟ್ಟಿಗೆ, ಪಕ್ಕದಲ್ಲೇ ತುಳಸಿ ಕುಂಡ. ಹತ್ತಲು ಬೇರೆ ಮೆಟ್ಟಿಲು ಬೇಕಿರಲಿಲ್ಲ.

ಇನ್ನೊಂದು ತಪ್ಪು ನಮ್ಮದೇ. ದುಡ್ಡು ಉಳಿಸಲು ಬೇಲಿ ಮೂರೇ ಕಡೆ ಹಾಕಿಸಿದ್ದೆವು, ನಾಲ್ಕನೆಯದು ಮನೆಯ ಗೋಡೆ. ಆ ಗೋಡೆಯಲ್ಲಿ ಹಾಲ್‌ನ ಗಾಜಿನ ಜಾರುಬಾಗಿಲು ಇದೆ. ಅವತ್ತು ಅದು ಮುಚ್ಚಿತ್ತು, ಅಷ್ಟೇ.

ಈಗ ನಾಲ್ಕೂ ಕಡೆ ಬೇಲಿ. ಹಿಂಜು, ಚಿಲಕ 316 ನಂಬರಿನ ಸ್ಟೇನ್‌ಲೆಸ್ ಸ್ಟೀಲಿನವು. ಸಮುದ್ರದ ಗಾಳಿಗೆ ಮಾಮೂಲಿ 304 ನಂಬರಿನ ಸ್ಟೀಲಿಗೂ ಕಲೆ ಹತ್ತುತ್ತದೆ. ಭಾನುವಾರ ಬೆಳಿಗ್ಗೆ ಗೇಟನ್ನು ಪೂರ್ತಿ ತೆರೆದು ಬಿಡುತ್ತೇನೆ, ಆಮೇಲೆ ಬರೀ ಅಂಗೈ ಅಗಲ ತೆರೆದು ಬಿಡುತ್ತೇನೆ. ಎರಡನೆಯದೇ ನಿಜವಾದ ಪರೀಕ್ಷೆ, ವೇಗವಿಲ್ಲದಾಗಲೇ ಸ್ಪ್ರಿಂಗಿನ ಬಂಡವಾಳ ಗೊತ್ತಾಗುವುದು. ಕೊಳ ತೊಳೆಯುವ ಹುಡುಗ ಬಕೆಟು ಸಾಗಿಸಲು ಗೇಟಿಗೆ ತಂತಿ ಕಟ್ಟುತ್ತಿದ್ದ, ಆ ತಂತಿಯನ್ನೂ ಬಿಸಾಕಿದೆ. ವಿಲ್ಲಾ ಬುಕ್ ಮಾಡುವವರು ಫೋಟೋ ನಂಬಬೇಡಿ. ಬೇಲಿ ಇದೆಯಾ ಕೇಳಿ, ಇದ್ದರೆ ಗೇಟು ಮುಚ್ಚುವ ವಿಡಿಯೋ ಕಳಿಸಿ ಅನ್ನಿ. ಬೇಲಿಯೇ ಇಲ್ಲದ ಕೊಳಗಳೂ ಇಲ್ಲಿ ಇವೆ.

ವೆಲ್ಡಿಂಗಿನವನಿಗೆ ಫೋನ್ ಮಾಡಿದೆ. ಬೈಯಲೆಂದೇ ಮಾಡಿದ್ದು. “ಎಲ್ಲರಿಗೂ ಹೀಗೇ ಮಾಡಿಕೊಟ್ಟಿದ್ದೇನೆ ಬಾಯ್, ಯಾರೂ ಕಂಪ್ಲೇಂಟ್ ಮಾಡಿಲ್ಲ” ಅಂದ. ಸುಳ್ಳಲ್ಲ. ನಮ್ಮ ರಸ್ತೆಯಲ್ಲೇ ಇನ್ನೊಂದು ಮನೆಗೆ ಅವನದೇ ಬೇಲಿ, ಅದೇ ಅಡ್ಡಪಟ್ಟಿ, ಗೇಟು ಒಳಗೇ ತೆರೆಯುತ್ತದೆ. ಹೋಗಿ ಹೇಳಿ ಬಂದೆ. ಆ ಮನೆಯ ಅಜ್ಜಿ ಚಹಾ ಕೊಟ್ಟರು, ಮಳೆ ನಿಂತ ಮೇಲೆ ನೋಡೋಣ ಅಂದರು. ಮೊಮ್ಮಗ ಡಿಸೆಂಬರಿಗೆ ಬರುತ್ತಾನಂತೆ.